ಯಾರೂ ಇಲ್ಲದ ದ್ವೀಪ

ಸಮುದ್ರದ ನಡುವಿನ ವನ್ಯಧಾಮ ನೋಡಲು ಬಂದ ದಂಪತಿಗೆ ಇಡೀ ದೋಣಿಯೇ ಬೇಕಾಗಿತ್ತು. ನಾಲ್ಕು ಜನ ಅಪರಿಚಿತರ ಜೊತೆ ಕೂತರೆ ಪ್ರಕೃತಿ ಮಾತಾಡುವುದಿಲ್ಲವಂತೆ. ದೋಣಿಯ ದಾಮು ಹರಿಕಾಂತ ಸಾವಧಾನವಾಗಿ ತಲೆಯಾಡಿಸಿದ. ಪ್ರಕೃತಿಯ ಜೊತೆ ಖಾಸಗಿಯಾಗಿ ಮಾತಾಡಲು ಬಂದವರಲ್ಲಿ ಆ ವಾರಕ್ಕೆ ಇವರು ಐದನೆಯವರು.

“ದ್ವೀಪದಲ್ಲಿ ಮನುಷ್ಯರ ಸುಳಿವೂ ಇರಬಾರದು,” ಎಂದಳು ಹೆಂಡತಿ.

“ಹನ್ನೆರಡು ವರ್ಷದಿಂದ ಅಲ್ಲಿ ಯಾರೂ ಇಲ್ಲ ಮೇಡಂ.”

“ಜಿಂಕೆ ತೀರಾ ಹತ್ತಿರದಿಂದ ಕಾಣಬೇಕು,” ಎಂದ ಗಂಡ.

“ದಡ ಹತ್ತಿದರೆ ಒಂದು ಹಲಸಿನ ಮರ ಇದೆ. ಬಿದ್ದ ಹಣ್ಣು ತಿನ್ನಲು ಅಲ್ಲಿಗೇ ಬರ್ತವೆ.”

“ಕಾಡುಹಲಸಾ?”

“ಅಲ್ಲ ಸರ್, ನಮ್ಮಮ್ಮ ಅಂಗಳದಲ್ಲಿ ನೆಟ್ಟದ್ದು. ನಾವಿದ್ದರೆ ಪ್ರಾಣಿಗಳಿಗೆ ತೊಂದರೆ ಅಂತ ನಲವತ್ತು ಮನೆಯವರನ್ನೂ ಎಬ್ಬಿಸಿದ್ರು. ಅಮ್ಮ ಸಾಯೋವರೆಗೂ ಆ ಮರದ ಸುದ್ದಿಯನ್ನೇ ಕೇಳ್ತಿದ್ದಳು.”

ಹೆಂಡತಿಯ ಕಣ್ಣು ತುಂಬಿ ಬಂತು. ಇಷ್ಟು ವರ್ಷದಲ್ಲಿ ಈ ಮಾತು ಕೇಳಿ ಅತ್ತವರನ್ನು ದಾಮು ನೋಡಿರಲಿಲ್ಲ. ಆಕೆ ಕಣ್ಣೊರೆಸಿಕೊಂಡು ಗಂಡನನ್ನು ಮೆಲ್ಲಗೆ ತಿವಿದಳು.

“ರೀ, ಇವರೆಲ್ಲ ಎದ್ದುಹೋಗಿದ್ದಕ್ಕೆ ತಾನೇ ನಮಗೆ ಇಷ್ಟು ಚೆಂದದ ಕಾಡು ಸಿಕ್ಕಿದ್ದು? ಒಂದು ಥ್ಯಾಂಕ್ಸ್ ಹೇಳಿ.”