ಕೈಯಿಂದ ಕೈಗೆ

"ಈ ಮಚ್ಚು ಗುರುತು ಸಿಗುತ್ತೇನಮ್ಮ?" ಮೊಹರು ಹಾಕಿದ್ದ ಬಟ್ಟೆ ಬಿಚ್ಚುತ್ತ ಸರ್ಕಾರಿ ವಕೀಲರು ಕೇಳಿದರು.

ಸಾಕ್ಷಿಯ ಕಟಕಟೆಯಲ್ಲಿ ಪುಟ್ಟತಾಯಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ಎದುರಿಗೆ ಅವಳ ಮೈದುನ ಸಿದ್ದರಾಜು. ಗದ್ದೆಗೆ ನೀರು ತಿರುಗಿಸುವ ಜಗಳದಲ್ಲಿ ಪಕ್ಕದ ಗದ್ದೆಯವನನ್ನು ಕಡಿದು ಕೊಂದನೆಂದು ಅವನ ಮೇಲೆ ಕೇಸು. ಪೊಲೀಸರ ಮುಂದೆ ಎಲ್ಲ ಹೇಳಿದ್ದವಳು ಇವತ್ತು ಉಲ್ಟಾ ಹೊಡೆಯಬೇಕೆಂದು, ಕ್ಯಾತನಹಳ್ಳಿಯಿಂದ ಶ್ರೀರಂಗಪಟ್ಟಣದ ಕೋರ್ಟಿನವರೆಗೂ ಮನೆಯವರು ಬಾಯಿಪಾಠ ಮಾಡಿಸಿದ್ದರು.

"ಇಲ್ಲ ಸ್ವಾಮಿ. ನಾನು ಇದ್ನ ಕಂಡೇ ಇಲ್ಲ."

"ಕೈಯಲ್ಲಿ ಹಿಡಿದು ನೋಡಿ." ವಕೀಲರು ಮಚ್ಚನ್ನು ಅವಳತ್ತ ಚಾಚಿದರು.

ಪುಟ್ಟತಾಯಮ್ಮ ಬೆಂಕಿ ಕಂಡವಳಂತೆ ಕೈ ಹಿಂದಕ್ಕೆಳೆದುಕೊಂಡಳು. "ಅಯ್ಯಯ್ಯೋ, ಕೆಳಕ್ಕಿಡಿ ಸ್ವಾಮಿ, ನಾನೇ ಎತ್ಕೋತೀನಿ! ಮಚ್ಚ ಕೈಯಿಂದ ಕೈಗೆ ಕೊಟ್ರೆ ಜಗಳ ಆಯ್ತದೆ. ಅವತ್ತು ನಾನು ಅಂಗೆ ಕೊಟ್ಟಿದ್ಕೇ ಅಲ್ವಾ ಇಷ್ಟೆಲ್ಲಾ..."

ಸೆರಗು ಬಾಯಿಗೆ ಹೋಗುವಷ್ಟರಲ್ಲಿ ಮಾತು ಹೊರಗೆ ಬಿದ್ದಾಗಿತ್ತು. ಸಿದ್ದರಾಜು ಕಣ್ಣು ಮುಚ್ಚಿಕೊಂಡ.

ವಕೀಲರು ಮಚ್ಚನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಯಾರ ಕೈಗೆ ಕೊಟ್ರಿ ತಾಯಿ?"