ಕೋಚ್ ಕುರ್ಚಿಯಲ್ಲಿ

ಕುಸ್ತಿ ತರಬೇತಿ ಕೇಂದ್ರದ ಆ ಕೋಣೆಯಲ್ಲಿ ಕೂತಿದ್ದವರು ಕೋಚ್, ಹಿಂದಿನ ದಿನ ಫೈನಲ್‌ನಲ್ಲಿ ಸೋತು ಬಂದ ಡಿಗ್ರಿ ಓದುವ ಹುಡುಗಿ, ಮತ್ತು ಕೇಂದ್ರಕ್ಕೆ ಹೊಸದಾಗಿ ಬಂದಿದ್ದ ಮನಶ್ಶಾಸ್ತ್ರಜ್ಞೆ. ಗೋಡೆಯ ತುಂಬ ಗೆದ್ದವರ ಫೋಟೊಗಳಿದ್ದವು.

"ಸೋತು ಬಂದಾಗ ಇಲ್ಲಿ ಏನು ನಡೆಯುತ್ತೋ ಅದನ್ನೇ ಈಗ ಮಾಡಿ ತೋರಿಸಿ," ಎಂದರು ಮನಶ್ಶಾಸ್ತ್ರಜ್ಞೆ. "ಆದರೆ ಜಾಗ ಬದಲಾಯಿಸಿಕೊಳ್ಳಿ. ಸರ್, ನೀವು ಶಿಷ್ಯೆ. ಇವಳು ಕೋಚ್. ನಿಮ್ಮನ್ನ ನೀವೇ ಎದುರು ಕೂತು ನೋಡಿದ ಹಾಗಾಗುತ್ತೆ."

ಕೋಚ್ ನಗುತ್ತಲೇ ಎದ್ದು ಹುಡುಗಿಯ ಸ್ಟೂಲ್ ಮೇಲೆ ಕೂತರು.

"ನಮ್ಮಲ್ಲಿ ಮುಚ್ಚುಮರಿ ಏನಿಲ್ರೀ ಮೇಡಂ. ಎಲ್ಲಿ ತಪ್ಪಾತು ಅಂತ ಕೇಳ್ತೀನಿ, ಅಷ್ಟ. ಮಗಳಿದ್ದಂಗ ಅದಾಳ."

ಹುಡುಗಿ ಕೋಚ್ ಕುರ್ಚಿಯ ತುದಿಯಲ್ಲಿ ಕೂತಳು.

"ಹೆದರಬೇಡ. ಸರ್ ಹೇಗೆ ಮಾಡ್ತಾರೋ ಹಾಗೇ ಮಾಡು," ಎಂದರು ಮನಶ್ಶಾಸ್ತ್ರಜ್ಞೆ.

"ಹಂಗ ಮಾಡ್ಲೇನ್ರೀ?"

"ಹಾಗೇ ಮಾಡಬೇಕು. ಇಲ್ಲದಿದ್ದರೆ ಅವರಿಗೆ ಗೊತ್ತಾಗೋದು ಹೇಗೆ?"

ಕೋಚ್ ತಲೆ ತಗ್ಗಿಸಿ, ಅವಳ ಸಣ್ಣ ದನಿಯನ್ನೇ ಅಣಕಿಸುತ್ತ, "ತಪ್ಪಾತ್ರೀ ಸರ್, ಸೋತೀನ್ರೀ," ಎಂದರು.

ಹುಡುಗಿ ಎದ್ದಳು. ಮೊಳೆಗೆ ನೇತುಹಾಕಿದ್ದ ಸ್ಕಿಪ್ಪಿಂಗ್ ಹಗ್ಗವನ್ನು ತೆಗೆದು ಎರಡಾಗಿ ಮಡಚಿ, ತುದಿಯನ್ನು ಕೈಗೆ ಬಿಗಿಯಾಗಿ ಸುತ್ತಿಕೊಂಡಳು. ಕೋಚ್ ಮುಖದ ನಗು ಇಳಿಯಿತು.

ಅವಳು ಮನಶ್ಶಾಸ್ತ್ರಜ್ಞೆಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು:

"ಮೇಡಂ, ನೀವು ಹೊರಗ ಹೋಗ್ರಿ. ಸರ್ ಮೊದಲ ಚಿಲಕ ಹಾಕ್ತಾರ್ರೀ."