ಬಲಕ್ಕೆ ಎರಡು ನೂಲು

"ಎಲ್ಲಕ್ಕಿಂತ ಮ್ಯಾಲಿನ ದೊಡ್ಡ ಅಕ್ಷರ ಯಾವುದ್ರಿ ಅವ್ವಾರ?"

"ಅಕ್ಷರ ಕಾಣವಲ್ದು. ಆದ್ರ ನಿನ್ನ ಬೋರ್ಡ್ ಸೊಟ್ಟ ಐತಿ, ಅದನ್ನ ಮೊದಲ ನೆಟ್ಟಗ ಮಾಡು," ಎಂದಳು ಮಾಯವ್ವ.

ಬನಹಟ್ಟಿಯ ಶಾಲೆಯೊಂದರ ಕೋಣೆಯಲ್ಲಿ ಕಣ್ಣಿನ ಶಿಬಿರ ನಡೆದಿತ್ತು. ಬಂದವರ ದೃಷ್ಟಿ ಅಳೆಯಲು ಕೂತಿದ್ದ ಅಕ್ಷತಾ ಹಿಂತಿರುಗಿ ನೋಡಿದಳು. ಅವಳ ಕಣ್ಣಿಗೆ ಬೋರ್ಡ್ ನೆಟ್ಟಗೇ ಇತ್ತು. ಮಾಯವ್ವನ ಹಿಂದೆ ನಿಂತಿದ್ದ ಸೊಸೆ ಕಾಂಚನಾ ಕಿಸಕ್ಕನೆ ನಕ್ಕಳು.

"ಮುಂಜಾನಿ ಚಹಾ ಅಂತ ಎಣ್ಣಿ ಬಟ್ಟಲ ಎತ್ತಿದ್ರಿ ಅತ್ತಿ. ಈಗ ಸಾಲಿ ಬೋರ್ಡ್ ರಿಪೇರಿಗೆ ನಿಂತೀರೇನು?"

"ನೀ ಸುಮ್ಮನಿರಬೇ. ಬಲಕ್ಕ ಇಳದೈತಿ. ಭಾಳ ಏನಿಲ್ಲ, ಎರಡು ನೂಲು."

ಅಕ್ಷತಾ ಎದ್ದು ಸ್ಕೇಲ್ ಹಿಡಿದು, ಗೋಡೆಯ ಕೆಳಗಿನ ಬಣ್ಣದ ಪಟ್ಟಿಯಿಂದ ಬೋರ್ಡಿನ ಎರಡೂ ಮೂಲೆ ಅಳೆದಳು. ಬಲಮೂಲೆ ಸರಿಯಾಗಿ ಎರಡು ನೂಲು, ಒಂದು ಕಡಲೆಬೇಳೆಯಷ್ಟು, ಕೆಳಗಿತ್ತು. ಬೆಳಗಿನಿಂದ ನೂರಾಹನ್ನೆರಡು ಜನ ಅದನ್ನು ಓದಿ ಹೋಗಿದ್ದರು, ಒಬ್ಬರೂ ಹೇಳಿರಲಿಲ್ಲ.

ನಲವತ್ತು ವರ್ಷ ಕೈಮಗ್ಗದಲ್ಲಿ ಸೀರೆಯ ದಡಿ ನೇಯ್ದವಳು ಮಾಯವ್ವ. ಆರು ವರ್ಷದ ಹಿಂದೆ ಅವಳ ಎಡಗಣ್ಣಿನ ಪೊರೆ ತೆಗೆದಿದ್ದರು. ಪೊರೆ ಹೋಯಿತು, ಬೆಳಕು ಬರಲಿಲ್ಲ. ಕಣ್ಣಿನ ಹಿಂಭಾಗದ ಪಟಲ ಮೊದಲೇ ಸತ್ತಿತ್ತಂತೆ. ಈಗ ಬಲಗಣ್ಣಿಗೂ ಪೊರೆ ಕಟ್ಟಿ, ಡಾಕ್ಟರು ದೀಪ ಹಿಡಿದು ನೋಡಿದರೂ ಒಳಗಿನ ಪಟಲ ಕಾಣುತ್ತಿರಲಿಲ್ಲ. ಶಿಬಿರದ ಡಾಕ್ಟರ್ ಪ್ರಭುಲಿಂಗ ಆಗಲೇ ಹೇಳಿದ್ದರು: "ಹಿಂದಿನ ಪಟಲಕ್ಕ ಜೀವ ಐತಿ ಅಂತ ತೋರಿಸಿದ್ರ ಇವತ್ತ ಆಪರೇಶನ್ನಿಗೆ ಜಮಖಂಡಿ ಗಾಡಿ ಹತ್ತಿಸೂಣು. ಇಲ್ಲಾಂದ್ರ ಬ್ಯಾಡ. ಈಗ ಕಾಣೂ ಮಬ್ಬಾದ್ರೂ ಆಕಿಗೆ ಉಳೀಲಿ."

"ತಿರುಗಿ ಮಗ್ಗಕ್ಕ ಕುಂದ್ರಾಕ ಆಗತೈತೋ ಇಲ್ಲೋ, ಅಷ್ಟ ಹೇಳವ್ವ," ಎಂದಳು ಮಾಯವ್ವ. ಧ್ವನಿಯಲ್ಲಿ ಬೇಡಿಕೆಯಿರಲಿಲ್ಲ, ಅವಸರವಿತ್ತು.

ಅಕ್ಷತಾಳಿಗೆ ಅಜ್ಜಿ ಹೇಳುತ್ತಿದ್ದ ಕಥೆಯ ಒಂದು ಅರಮನೆ ನೆನಪಾಯಿತು. ಏಳು ಪರದೆಗಳಾಚೆ ಒಂದು ದೀಪ. ಪರದೆ ಸರಿಸದೆ, ಅದು ಉರಿಯುತ್ತಿದೆಯೋ ಆರಿದೆಯೋ ಹೇಳಿದವರಿಗಷ್ಟೇ ಬಾಗಿಲು ತೆರೆಯುತ್ತದೆ. ಹೇಗೆ ಹೇಳುವುದು ಎಂದು ಕೇಳುವ ಮೊದಲೇ ಅವಳಿಗೆ ದಿನಾ ನಿದ್ದೆ ಬಂದುಬಿಡುತ್ತಿತ್ತು.

"ಯಾರ ಕಡೆಯಾದ್ರೂ ದಪ್ಪನ ಕರಿ ದಾರ ಐತೇನ್ರಿ?" ಎಂದಳು. ನೇಕಾರರ ಊರಾದ ಬನಹಟ್ಟಿಯಲ್ಲಿ ದಾರ ಕೇಳಿದರೆ ನಾಲ್ಕು ಕೈ ಮುಂದೆ ಬರುತ್ತವೆ. ಒಂದು ತುಂಡನ್ನು ಗೋಡೆಯ ಮೇಲೆ ಬಿಳಿ ಹಾಳೆಯಲ್ಲಿ ಮೇಲಿಂದ ಕೆಳಕ್ಕೆ ನೆಟ್ಟಗೆ ಅಂಟಿಸಿದಳು. ಇನ್ನೊಂದನ್ನು ತನ್ನ ಬರೆಯುವ ಪ್ಯಾಡಿಗೆ ಬಿಳಿ ಹಾಳೆ ಸುತ್ತಿ ಅದರ ಮೇಲೆ ಅಂಟಿಸಿದಳು. ಮಾಯವ್ವನನ್ನು ಎರಡು ಮೊಳ ದೂರದಲ್ಲಿ ಕೂರಿಸಿ, ಗೋಡೆಯ ದಾರದ ಕೆಳತುದಿಗೆ ಪ್ಯಾಡಿನ ದಾರ ತಾಗುವಂತೆ ಹಿಡಿದಳು.

"ಕೆಳಗಿನ ದಾರ ಯಾವ ಕಡೆ ಜರಗೇತಿ?"

"ಎಡಕ್ಕ."

"ಈಗ?"

"ಬಲಕ್ಕ. ಇಷ್ಟೊಂದು ಜರಗಿಸಿ ಕೇಳ್ತಾರೇನು, ಎಮ್ಮಿನೂ ಹೇಳತೈತಿ."

ಅಕ್ಷತಾ ಅಂತರವನ್ನು ಕಿರಿದು ಮಾಡುತ್ತ ಹೋದಳು. ಎಡಕ್ಕ. ಎಡಕ್ಕ. ಬಲಕ್ಕ. ಒಂಬತ್ತನೆಯ ಸಲಕ್ಕೆ ಕಾಂಚನಾಳ ನಗು ನಿಂತಿತ್ತು. ಹತ್ತನೆಯ ಸಲಕ್ಕೆ ಅವಳು ಅತ್ತೆಯ ಭುಜದ ಮೇಲಿಂದ ಬಾಗಿ ಕಣ್ಣು ಕಿರಿದಾಗಿಸಿ, "ಇದು ನನಗ ತಿಳೀವಲ್ದು," ಎಂದಳು.

"ಬಲಕ್ಕ," ಎಂದಳು ಮಾಯವ್ವ. ಸರಿಯಾಗಿತ್ತು.

ಹನ್ನೊಂದನೆಯ ಸಲ ಅಕ್ಷತಾ ಎರಡೂ ದಾರಗಳನ್ನು ಒಂದಕ್ಕೊಂದು ಸರಿಯಾಗಿ ಕೂಡಿಸಿ ಹಿಡಿದಳು. ಮಾಯವ್ವ ತಲೆ ಅತ್ತಿತ್ತ ವಾಲಿಸಿ ನೋಡಿದಳು.

"ಅಂದಾಜಿಲೆ ಹೇಳ್ರಿ ಅವ್ವಾರ. ಎಡಕ್ಕೋ, ಬಲಕ್ಕೋ?"

"ಅಂದಾಜು ಯಾಕ ಹೇಳ್ಲಿ? ಎಲ್ಲೂ ಜರಗಿಲ್ಲ. ಇವು ಎರಡಲ್ಲ, ಒಂದ ಐತಿ."

ಅಕ್ಷತಾ ಚಪ್ಪಲಿ ಮರೆತು ಪಕ್ಕದ ಕೋಣೆಗೆ ಓಡಿದಳು. ಪೊರೆ ಅಕ್ಷರಗಳನ್ನು ಕಲಸಿಬಿಡಬಹುದು. ಆದರೆ ಕೂದಲೆಳೆಯಷ್ಟು ಜರುಗಿದ ಗೆರೆಯನ್ನು ಹಿಡಿಯಬೇಕಾದರೆ ಹಿಂದಿನ ಪಟಲಕ್ಕೆ ಜೀವ ಇರಲೇಬೇಕು. ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಡಾಕ್ಟರ್ ಪ್ರಭುಲಿಂಗ ನಂಬಿದಂತೆ ಕಾಣಲಿಲ್ಲ. ಎದ್ದು ಬಂದು, ಪ್ಯಾಡನ್ನು ತಾವೇ ತೆಗೆದುಕೊಂಡು ಮೇಲಿನ ದಾರದ ಕೆಳಗೆ ಹಿಡಿದರು.

"ಈಗ ಯಾವ ಕಡೆ ಐತವ್ವ?"

"ಎರಡೂ ಕಡೆ."

"ಹಂಗಾಗೂದಿಲ್ಲ. ಯಾವುದಾರ ಒಂದು ಹೇಳಬೇಕು."

"ನಿಮ್ಮ ಕೈ ನಡಗಾಕತ್ತೈತ್ರಿ ಸಾಹೇಬ್ರ. ದಾರ ಅತ್ತಾಗೂ ಇತ್ತಾಗೂ ಜೋಲಿ ಹೊಡ್ಯಾಕತ್ತೈತಿ. ಅದು ನಿಂತ ಮ್ಯಾಲ ಕೇಳ್ರಿ, ಹೇಳತೇನಿ."

ಡಾಕ್ಟರು ತಮ್ಮ ಬೆರಳುಗಳನ್ನು ಮೊದಲ ಸಲ ಕಂಡವರಂತೆ ನೋಡಿಕೊಂಡರು. ಆಮೇಲೆ ಜೋರಾಗಿ ನಕ್ಕು, ಪೆನ್ನು ತೆಗೆದು ಜಮಖಂಡಿಯ ಪಟ್ಟಿಯಲ್ಲಿ ಎಲ್ಲರಿಗಿಂತ ಮೇಲೆ ಮಾಯವ್ವನ ಹೆಸರು ಬರೆದರು.

"ಏಳ್ರಿ ಅತ್ತಿ, ಗಾಡಿ ಬಂದೈತಿ," ಎಂದು ಕಾಂಚನಾ ತೋಳು ಹಿಡಿದಳು. ಈಗ ಅವಳ ಧ್ವನಿಯಲ್ಲಿ ಚೇಷ್ಟೆಯಿರಲಿಲ್ಲ.

ಮಾಯವ್ವ ಏಳಲಿಲ್ಲ. "ನನ್ನ ಕಣ್ಣಿಗೆ ಕೈ ಹಚ್ಚಾವ್ರು ನೀವ ಏನ್ರಿ ಸಾಹೇಬ್ರ?"

"ಇಲ್ಲವ್ವ. ಅಲ್ಲಿ ರಾಜೇಶ್ವರಿ ಡಾಕ್ಟರು ಅದಾರ, ಅವರು ಮಾಡ್ತಾರ."

ಆಗ ಮಾಯವ್ವ ಎದ್ದಳು. ಗೋಡೆ ತಡವಿ ಮೇಲಿನ ದಾರವನ್ನು ಕಿತ್ತಳು. ಪ್ಯಾಡಿನ ದಾರವನ್ನೂ ಬಿಡಿಸಿಕೊಂಡು, ಎರಡನ್ನೂ ತೋರುಬೆರಳಿಗೆ ಸುತ್ತಿಕೊಂಡಳು.

"ಇವು ನನ್ನ ಕೂಡ ಇರ್ಲಿ. ಮೊದಲ ಆ ಡಾಕ್ಟರ್ ಬಾಯಾರು ಇವನ್ನ ಹಿಡೀಲಿ, ಆಮ್ಯಾಲ ನಾ ಮಲಗತೇನಿ."